ಚೆಸ್ಟ್‌ನಟ್ ಪಾಠ

"ಈ ಶರತ್ಕಾಲದಲ್ಲಿ ಮಗಳಿಗೆ ಪಾಠ ಹೇಳುವವನು ನಾನೇ!" ಎಂದು ಭಾನುವಾರ ಬೆಳಿಗ್ಗೆ ತಿಂಡಿಯ ಮೇಜಿನೆದುರು ಘೋಷಿಸಿಬಿಟ್ಟೆ. ಎಲೆ ಅಂಟಿಸಿದರೆ ಬಣ್ಣದ ಜ್ಞಾನ, ಚೆಸ್ಟ್‌ನಟ್ ಬೀಜ ಜೋಡಿಸಿದರೆ ಗಣಿತ, ಕಡ್ಡಿ ಚುಚ್ಚಿದರೆ ಬೆರಳಿಗೆ ಹದ! ಮರುದಿನ ನಾಲ್ಕು ವರ್ಷದ ಫ್ರೌಕೆಯ ಶಿಶುವಿಹಾರದಲ್ಲಿ ಕರಕುಶಲ ವಸ್ತುಗಳ ಪ್ರದರ್ಶನ. ಬ್ರೆಮೆನ್ ನಗರದ ಉಳಿದ ಅಪ್ಪಂದಿರೆಲ್ಲ ತಲೆ ತಗ್ಗಿಸುವಂಥ ಮುಳ್ಳುಹಂದಿ ಸಂಸಾರವೊಂದು ಆಗಲೇ ನನ್ನ ತಲೆಯಲ್ಲಿ ಓಡಾಡುತ್ತಿತ್ತು.

"ಪ್ರದರ್ಶನ ಮಕ್ಕಳದು, ಫೋಲ್ಕರ್," ಎಂದಳು ಹೆಂಡತಿ ಹೈಡ್ರುನ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಅಪ್ಪಂದಿರದಲ್ಲ."

"ನಾನು ಬರೀ ಮಾರ್ಗದರ್ಶಕ ಕಣೇ!"

ಮಳೆಯಲ್ಲೇ ಉದ್ಯಾನಕ್ಕೆ ಹೋಗಿ ಮಾರ್ಗದರ್ಶಕರು ಚೀಲ ತುಂಬ ಮರದಡಿ ಉದುರಿದ್ದ, ಗಟ್ಟಿ ಸಿಪ್ಪೆಯ ಕಂದು ಚೆಸ್ಟ್‌ನಟ್ ಆರಿಸಿ ತಂದರು. ಫ್ರೌಕೆ ಅಂಟಿಗೆ ಕೈ ಹಾಕಿದಳು.

"ಮುಟ್ಬೇಡ, ಚೆಲ್ತೀಯ!"

ಕತ್ತರಿ ಎತ್ತಿಕೊಂಡಳು.

"ಇಡು ಕೆಳಗೆ, ಚೂಪು!"

"ಮತ್ತೆ ನಾನೇನ್ ಮಾಡ್ಲಿ, ಪಪ್ಪಾ?"

"ನೋಡ್ತಾ ಕಲಿ, ಚಿನ್ನಾ!"

ಆದರೆ ಒದ್ದೆ ಚೆಸ್ಟ್‌ನಟ್ಟಿಗೆ ಅಂಟು ಹಿಡಿಯಲೊಲ್ಲದು. ನಾನು ಮೂಗು ಅಂಟಿಸಿದರೆ ಅದು ಜಾರಿ ಬಾಲವಾಗುತ್ತಿತ್ತು.

"ಎರಡು ದಿನ ಕಿಟಕಿ ಹತ್ರ ಹರಡಿದ್ರೆ ಒಣಗುತ್ತೆ," ಎಂದಳು ಹೈಡ್ರುನ್.

ಎರಡು ದಿನವೇ? ಪ್ರದರ್ಶನ ನಾಳೆ! ಅವಳು ಅತ್ತ ಬಟ್ಟೆ ಒಣಹಾಕಲು ಹೋದದ್ದೇ ತಡ, ಅಷ್ಟನ್ನೂ ಓವನ್ನಿಗೆ ಸುರಿದು, ಶಾಖದ ಗುಂಡಿಯನ್ನು ತುದಿಯವರೆಗೆ ತಿರುಗಿಸಿದೆ.

ಮೊದಲು ಸುಂಯ್ ಎಂಬ ಸದ್ದು. ಆಮೇಲೆ ಢಂ! ಢಂ ಢಂ! ಒಂದು ಸಿಡಿತಕ್ಕೆ ಓವನ್ನಿನ ಬಾಗಿಲೇ ತೆರೆದುಕೊಂಡು, ಕಾದ ಚೂರುಗಳು ಅಡುಗೆಮನೆ ತುಂಬ ಹಾರಾಡತೊಡಗಿದವು. ಪುಣ್ಯಕ್ಕೆ ಫ್ರೌಕೆ ಆಗಲೇ ಬೇಸರಗೊಂಡು ಪಡಸಾಲೆಗೆ ಹೋಗಿದ್ದಳು. ನಾನು ಮಾತ್ರ ಮೇಜಿನ ಕೆಳಗೆ ನುಸುಳಿ, ಕಿವಿ ಮುಚ್ಚಿಕೊಂಡು, ನನ್ನ ಅಮ್ಮನನ್ನು ಕೂಗುತ್ತಿದ್ದೆ. ಅದೂ ಮೂವತ್ತೆಂಟನೆಯ ವಯಸ್ಸಿನಲ್ಲಿ!

ಹೈಡ್ರುನ್ ಓಡಿಬಂದು ಓವನ್ ಆರಿಸಿದಳು. ಅಷ್ಟರಲ್ಲಿ ಮೇಲಿನ ಮನೆಯ ಅಜ್ಜಿ ಶ್ರೀಮತಿ ಓಲ್ಟ್‌ಮನ್ ಗುಂಡಿನ ಕಾಳಗವೆಂದು ಪೊಲೀಸರಿಗೆ ಫೋನ್ ಮಾಡಿಯಾಗಿತ್ತು. ಇಬ್ಬರು ಪೊಲೀಸರು ಬಂದು, ಬಗ್ಗಿ, ಮೇಜಿನಡಿ ಇಣುಕಿದರು. ಇನ್ನೂ ಕಿವಿ ಮುಚ್ಚಿಕೊಂಡೇ ಇದ್ದ ನನ್ನನ್ನು ಅವರ ಹಿಂದಿನಿಂದ ಫ್ರೌಕೆಯೂ ಇಣುಕಿ ನೋಡಿದಳು.

"ಏನ್ ನಡೀತಿದೆ ಇಲ್ಲಿ, ಸ್ವಾಮಿ?"

"ಕರ... ಕರಕುಶಲ," ಎಂದು ತೊದಲಿದೆ.

"ಕರಕುಶಲ ಹಾಳಾಗ್ಲಿ, ಕರ ಕುಶಲವಾಗಿದೆಯಾ ನೋಡ್ಕೋ ಮೊದ್ಲು!" ಎಂದಳು ಹೈಡ್ರುನ್.

ಪೊಲೀಸರು ನಗು ತಡೆಯಲಾರದೆ ಬೇಗನೆ ಹೊರಟರು. ಬಾಗಿಲಲ್ಲಿ ನಿಂತಿದ್ದ ಶ್ರೀಮತಿ ಓಲ್ಟ್‌ಮನ್ ಮಾತ್ರ ಕದಲಲಿಲ್ಲ. "ಇನ್ಮೇಲೆ ಮಗುವನ್ನ ಒಲೆ ಹತ್ರ ಬಿಡ್ಬೇಡಿ," ಎಂದು ಹೈಡ್ರುನ್‌ಗೆ ಹೇಳುತ್ತ ನನ್ನನ್ನೇ ದುರುಗುಟ್ಟಿ ನೋಡಿದರು. ಗೋಡೆಗೆ ಅಂಟಿದ ಚೂರು ಕೆರೆಯುತ್ತ ಸಂಜೆಯಾಯಿತು. ಫ್ರೌಕೆ ಮರುದಿನ ಬರಿಗೈಯಲ್ಲೇ ಹೋದಳು.

ಸೋಮವಾರ ಮಧ್ಯಾಹ್ನ ಪ್ರದರ್ಶನಕ್ಕೆ ಕಾಲೆಳೆಯುತ್ತ ಹೋದೆ. ನನ್ನ ಮಗಳ ಮುಂದೆ ಅಪ್ಪ ಅಮ್ಮಂದಿರ ಗುಂಪೇ ನೆರೆದಿತ್ತು! ಅಲ್ಲಿಯೇ, ಯಾರ ಮಾರ್ಗದರ್ಶನವೂ ಇಲ್ಲದೆ, ತಾನೇ ಒಂದು ಬೊಂಬೆ ಮಾಡಿದ್ದಳಂತೆ. ರಟ್ಟಿನ ಪುಟ್ಟ ಮೇಜು. ಅದರ ಕೆಳಗೆ ಬೋರಲಾಗಿ ಬಿದ್ದ ಚೆಸ್ಟ್‌ನಟ್ ಮನುಷ್ಯ, ಬೆಂಕಿಕಡ್ಡಿಯ ಎರಡೂ ಕೈ ಕಿವಿಯ ಮೇಲೆ.

"ಎಷ್ಟು ಚೆನ್ನಾಗಿದೆ! ಯಾರಮ್ಮಾ ಇದು?" ಎಂದು ಕೇಳಿದರು ಒಬ್ಬರು.

ಫ್ರೌಕೆ ಎದೆಯುಬ್ಬಿಸಿ ನನ್ನತ್ತ ಬೆರಳು ತೋರಿಸಿದಳು.

"ನಮ್ಮ ಪಪ್ಪಾ. ನಂಗೆ ಪಾಠ ಹೇಳ್ಕೊಡ್ತಿದಾರೆ!"