ಸಾಲಿನಲ್ಲಿ ಐದನೆಯವನು

ದರ್ಜಿ ಮನೆಯಿಂದ ಹೊರಟದ್ದು ತಿಳಿಗುಲಾಬಿ ಬಣ್ಣದ ಒಂದು ಉಂಡೆ ದಾರ ತರಲು. ಅಷ್ಟೇ. ಆ ದಾರ ಮನೆಯಲ್ಲೇ ಇದ್ದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ, ನಾನೂ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದೆ.

ಈತ ಹೊಲಿಯುವುದು ಎಳೆಗೂಸುಗಳ ಅಂಗಿ, ಟೊಪ್ಪಿಗೆ. ಜಿರಲೆ ಕಂಡರೆ ಕುರ್ಚಿ ಹತ್ತುವ ಪ್ರಾಣಿ. ಆದರೆ ದೇವರು ಮುಖ ಹಂಚುವಾಗ ಏನೋ ಅವಸರದಲ್ಲಿದ್ದಿರಬೇಕು. ಪೊರಕೆಯಂಥ ಮೀಸೆ, ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೆಂಪಾದ ಕಣ್ಣು, ತೊಟ್ಟಿಲಿನಿಂದ ಬಿದ್ದಾಗ ಹುಬ್ಬಿನ ಮೇಲೆ ಉಳಿದ ಉದ್ದನೆಯ ಗಾಯದ ಗುರುತು.

ದಾರದ ಅಂಗಡಿಯ ಮುಂದೆ ಪೇದೆಯೊಬ್ಬ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಳೆದುಹೋದ ಸೈಕಲ್ಲು ಸಿಕ್ಕವನಂತೆ ಮುಖ ಅರಳಿತು.

"ಸ್ವಲ್ಪ ಠಾಣೆಗೆ ಬಂದು ಹೋಗ್ತೀರಾ? ಸುಮ್ನೆ ಸಾಲಲ್ಲಿ ನಿಂತ್ಕೊಂಡ್ರೆ ಸಾಕು. ಹತ್ತೇ ನಿಮಿಷ."

ಮೂರು ದಿನದ ಹಿಂದೆ ಬೆಳಗ್ಗೆ ಔಷಧಿ ಅಂಗಡಿಯವರು ಶಟರ್ ಎತ್ತುತ್ತಿದ್ದಾಗ ಯಾರೋ ಹಿಂದಿನಿಂದ ಬಂದು ಕಬ್ಬಿಣದ ಸಲಾಕೆಯಿಂದ ತಲೆಗೆ ಬಾರಿಸಿ ಓಡಿದ್ದರು. ಅನುಮಾನದ ಮೇಲೆ ಒಬ್ಬ ಸಿಕ್ಕಿದ್ದ. ಅವನನ್ನು ನಾಲ್ಕಾರು ಅಮಾಯಕರ ನಡುವೆ ನಿಲ್ಲಿಸಿ ಸಾಕ್ಷಿಗಳಿಂದ ಗುರುತು ಹಿಡಿಸಬೇಕು, ಅದು ಪದ್ಧತಿ. ಜೊತೆಗೆ ನಿಲ್ಲುವವರು ನೋಡಲು ಅವನಂತೆಯೇ ಇರಬೇಕು, ಅದೂ ಪದ್ಧತಿಯೇ. ಪೇದೆ ಆರೋಪಿಯನ್ನು ನೋಡಿರಲಿಲ್ಲ, ಕೇಳಲೂ ಇಲ್ಲ. ಮಂದಿಯ ತಲೆ ಒಡೆಯುವವನು ಹೇಗಿರುತ್ತಾನೆಂದು ಕೇಳಿ ತಿಳಿಯಬೇಕೇ? ಕಣ್ಣಿಗೆ ಬಿದ್ದ ಭಯಂಕರ ಮುಖಗಳನ್ನೆಲ್ಲ ಆರಿಸಿ ತಂದಿದ್ದ.

ದರ್ಜಿಗೆ ಸಾಲಿನಲ್ಲಿ ಐದನೆಯ ಜಾಗ ಸಿಕ್ಕಿತು. ಎಡಗಡೆ ತೋಳು ತುಂಬ ಹಚ್ಚೆ ಹಾಕಿಸಿಕೊಂಡ ದಾಂಡಿಗ. ಇವನೇ ಆ ಪಾಪಿ ಎಂದು ದರ್ಜಿಗೆ ಖಾತ್ರಿಯಾಯಿತು. (ಅವನು ಹೂವಿನ ಸಸಿ ಮಾರುವವನು, ಪಾಪ.) ಬಲಗಡೆ ಕನ್ನಡಕ ಹಾಕಿ, ಬೈತಲೆ ತೆಗೆದು ತಲೆ ಬಾಚಿದ ಸಣಕಲ.

"ಅಯ್ಯೋ, ನಿಮ್ಮನ್ನೂ ಹಿಡ್ಕೊಂಡ್ ಬಂದ್ರಾ?" ದರ್ಜಿ ಪಿಸುಗುಟ್ಟಿದ. "ನನ್ನ ಕಡೆ ಸರ್ಕೊಳ್ಳಿ. ಆ ಹಚ್ಚೆಯವನ ತಂಟೆ ಬೇಡ."

"ಆಗ್ಲಿ ಅಣ್ಣ," ಎಂದ ಕನ್ನಡಕದವನು, ವಿನಯದಿಂದ.

ಮೊದಲು ಬಂದವರು ತಲೆಗೆ ಪಟ್ಟಿ ಸುತ್ತಿದ್ದ ಔಷಧಿ ಅಂಗಡಿಯವರು. ಸೀದಾ ದರ್ಜಿಯ ಎದುರು ನಿಂತರು.

"ಇವನೇ! ಈ ಕಣ್ಣು ಮರೆಯೋಕಾಗುತ್ತಾ?"

"ಹಿಂದಿನಿಂದ ಹೊಡೆದ ಅಂದ್ರಲ್ಲ, ಕಣ್ಣು ಹೇಗ್ರೀ ಕಾಣಿಸ್ತು?" ಎಂದರು ಇನ್ಸ್‌ಪೆಕ್ಟರ್.

"ಬೆನ್ನಿಗೆ ಗೊತ್ತಾಗುತ್ತೆ ಸಾರ್!"

ಆಮೇಲೆ ಎದುರು ಮನೆಯ ಮಹಡಿಯಿಂದ ಎಲ್ಲ ನೋಡಿದ್ದ ನಿವೃತ್ತ ಶಿಕ್ಷಕಿ, ಊರಿಗೆಲ್ಲ ಟೀಚರಮ್ಮ. ಅವರ ಬೆರಳೂ ಐದನೆಯವನ ಮೇಲೆಯೇ ನಿಂತಿತು.

"ಕನ್ನಡಕ ಇತ್ತು ಅಂತ ಬರೆಸಿದ್ರಲ್ಲಮ್ಮ?"

"ತೆಗೆದಿಟ್ಟು ಬಂದಿದಾನೆ, ಖದೀಮ."

"ಮೀಸೆ ಇರ್ಲಿಲ್ಲ ಅಂದಿದ್ರಿ."

"ಮೂರು ದಿನ ಟೈಮ್ ಕೊಟ್ರೆ ಬೆಳೆಸ್ದೆ ಇರ್ತಾನಾ?"

ಇನ್ಸ್‌ಪೆಕ್ಟರರು ತಲೆ ಕೆರೆದುಕೊಂಡರು. ಬೀದಿಯಿಂದ ಕರೆತಂದವನು ನಿಜ, ಆದರೆ ಎರಡು ಸಾಕ್ಷಿ! "ರೀ, ಅವತ್ತು ಬೆಳಗ್ಗೆ ನೀವೆಲ್ಲಿದ್ರಿ?"

ದರ್ಜಿಯ ತಲೆ ಖಾಲಿಯಾಯಿತು. ಮನೆಯಲ್ಲಿದ್ದೆನೇ? ಇಷ್ಟು ಜನ ಹೇಳುತ್ತಿದ್ದಾರೆಂದರೆ, ಮೈಮರೆತು ನಾನೇ ಎಲ್ಲಾದರೂ ಹೋಗಿ ಬಾರಿಸಿ ಬಂದೆನೇ? ಕಿಟಕಿಯ ಹೊರಗೆ ಆಗಲೇ ಗುಂಪು ಸೇರಿತ್ತು. ಪಕ್ಕದ ಮನೆಯಾಕೆಯ ದನಿ ಎಲ್ಲರಿಗಿಂತ ಮೇಲೆ.

"ನಂಗೆ ಮೊದಲಿಂದ್ಲೂ ಡೌಟೇ! ಹತ್ತು ವರ್ಷದಲ್ಲಿ ಒಂದು ದಿನ ಯಾರ ಮೇಲೂ ರೇಗಿಲ್ಲ ಈ ಮನುಷ್ಯ. ಇಷ್ಟು ಒಳ್ಳೇತನ ಎಲ್ಲಾದ್ರೂ ಉಂಟಾ?"

ಪೇದೆ ಲಾಕಪ್ಪಿನ ಬಾಗಿಲು ತೆರೆದ. ಈ ರಾತ್ರಿ ತನ್ನ ಮನೆಯಲ್ಲಿ ಮಲಗುವುದಿಲ್ಲವೆಂದು ಆಗ ದರ್ಜಿಗೆ ಅರಿವಾಗಿ, ಮೀಸೆ ತೋಯುವಂತೆ ಅತ್ತುಬಿಟ್ಟ.

"ಸಾರ್, ನಾನೇ ಹೊಡ್ದಿದ್ದು," ಎಂದ ಕನ್ನಡಕದವನು. "ಈ ಅಣ್ಣ ಅಳೋದು ನನ್ನ ಕೈಲಿ ನೋಡೋಕಾಗಲ್ಲ."

ಔಷಧಿ ಅಂಗಡಿಯವರು ಅವನ ಭುಜ ಸವರಿದರು. "ಹೆದರ್ಬೇಡಪ್ಪ. ಈ ರಾಕ್ಷಸ ನಿಂಗೇನಂತ ಬೆದರಿಕೆ ಹಾಕ್ದ?"

"ಅಯ್ಯೋ, ನಾನೇ ಕಣ್ರೀ ನಿಮಗೆ ಹೊಡ್ದಿದ್ದು!"

"ನೋಡಿ, ಎಷ್ಟು ಹೆದರಿದೆ ಕೂಸು," ಎಂದು ಟೀಚರಮ್ಮ ಅವನಿಗೆ ನೀರು ತರಿಸಿದರು.

ಕಡೆಗೆ ಸಲಾಕೆ ಎಸೆದ ಚರಂಡಿಯನ್ನೂ ಅವನೇ ಹೇಳಿದ. ಪೇದೆ ಹೋಗಿ ಅಲ್ಲಿಂದಲೇ ತಂದ. ಇನ್ಸ್‌ಪೆಕ್ಟರರು ದರ್ಜಿಯ ಕೈ ಕುಲುಕಿ ಕಳುಹಿಸಿದರು. ಹೊರಗಿನ ಗುಂಪು ಹಿಂದೆ ಸರಿದು ದಾರಿ ಬಿಟ್ಟಿತು, ಅದೂ ಬೇಕಾದದ್ದಕ್ಕಿಂತ ತುಸು ಜಾಸ್ತಿಯೇ ಅಗಲವಾಗಿ.

ಮನೆ ತಲುಪಿದಾಗ ಹೋದ ಜೀವ ಬಂದಂತಾಯಿತು. ಹೆಂಡತಿ ಅವನನ್ನು ಒಳಗೆಳೆದು ಚಿಲಕ ಹಾಕಿದಳು.

"ರೀ, ನನ್ನ ಹತ್ರ ಮುಚ್ಚಿಡ್ಬೇಡಿ. ಆ ಪಾಪದವನ ಕೈಲಿ ತಪ್ಪು ಹೇಗೆ ಒಪ್ಪಿಸಿದ್ರಿ?"

"ಏನೇ ಇದು! ಅವತ್ತು ಬೆಳಗ್ಗೆ ನಿನ್ನ ಎದುರಿಗೇ ಕೂತು ಗುಂಡಿ ಹಾಕ್ತಿದ್ನಲ್ಲೇ! ನೀನೇ ಕಾಫಿ ಕೊಟ್ಟಿದ್ದು!"

"ಕೊಟ್ಟೆ ಕಣ್ರೀ, ನಾನೆಲ್ಲಿ ಇಲ್ಲ ಅಂದೆ?" ಎಂದಳು ಅವಳು, ಅವನ ಮುಖವನ್ನೇ ದಿಟ್ಟಿಸುತ್ತ, ಒಂದು ಹೆಜ್ಜೆ ಹಿಂದೆ ಸರಿದು. "ಆದ್ರೆ ಟೀಚರಮ್ಮ ಕಣ್ಣಾರೆ ನೋಡಿದಾರಂತಲ್ಲ!"