ಅರ್ಧ ಲೀಟರ್ ಸಾಕು, ಮತ್ತಿತರ ಪುಸ್ತಕ ವಿಚಾರಗಳು

ಮುಖ ನೋಡದ ಗೆಳೆಯರ ಜೊತೆ ಪುಸ್ತಕದ ಮಾತಿಗೆ ಕೂತರೆ ತಿಂಗಳಿಗೊಂದಾದರೂ ಎಡವಟ್ಟು ಆಗದೆ ಇರದು. ಕೊಳ್ಳೇಗಾಲದಲ್ಲಿ ನನ್ನದು ಕನ್ನಡಕದ ಅಂಗಡಿ. ಓದುವ ಕನ್ನಡಕ ಕೇಳಿಕೊಂಡು ಬಂದವರನ್ನು ಏನು ಓದುತ್ತೀರಿ ಎಂದು ವಿಚಾರಿಸುವುದು ನನ್ನ ಹಳೇ ಚಾಳಿ. ಪೇಪರು ಎಂದವರಿಗೆ ಕನ್ನಡಕ ಕೊಟ್ಟು ಕಳಿಸುತ್ತೇನೆ. ಕಾದಂಬರಿ ಎಂದವರನ್ನು ಮೊಬೈಲಿನಲ್ಲೊಂದು ಓದುಗರ ಗುಂಪಿಗೆ ಸೇರಿಸಿಕೊಳ್ಳುತ್ತೇನೆ. ಅವರು ಇವರನ್ನು, ಇವರು ಇನ್ಯಾರನ್ನೋ ಸೇರಿಸಿ, ಈಗ ಅರ್ಧಕ್ಕರ್ಧ ಜನರ ಮುಖವೇ ನನಗೆ ಗೊತ್ತಿಲ್ಲ.

೧. ಓದಲೇಬೇಕಾದ ಪುಸ್ತಕ

ಮುಳ್ಳೂರಿನ ರೈತರೊಬ್ಬರು ಗುಂಪಿನಲ್ಲಿದ್ದಾರೆ. ಅವರ ಫೋಟೋ ಇರಬೇಕಾದ ಕಡೆ ಒಂದು ಎತ್ತು ನಿಂತಿದೆ. ಆರು ತಿಂಗಳು ತುಟಿ ಬಿಚ್ಚದವರು ಒಂದು ದಿನ ಹಳೆಯ ಪತ್ತೇದಾರಿ ಕಾದಂಬರಿಯೊಂದರ ಹೆಸರು ಹಾಕಿ, ಇದನ್ನು ಎಲ್ಲರೂ ಓದಲೇಬೇಕು ಎಂದರು. ಮಾರನೇ ದಿನ ಮತ್ತೆ ನೆನಪಿಸಿದರು. ಆಮೇಲೆ ಯಾರಾದರೂ ಓದಿದಿರಾ, ಎಲ್ಲಿಗೆ ಬಂತು ಎಂದು ದಿನಕ್ಕೆರಡು ಸಲ ಕೇಳತೊಡಗಿದರು. ಅಷ್ಟು ಅಕ್ಕರೆಯಿಂದ ಯಾರೂ ಪುಸ್ತಕ ಹೇಳಿದ್ದಿಲ್ಲ. ಕುತೂಹಲ ತಡೆಯದೆ ಮೈಸೂರಿನಿಂದ ತರಿಸಿ, ಎರಡೇ ದಿನದಲ್ಲಿ ಮುಗಿಸಿದೆ. ಸುಮಾರಾಗಿತ್ತು. ನಿಮಗೆ ಅಷ್ಟೊಂದು ಹಿಡಿಸಿದ್ದೇನು ಎಂದು ಫೋನ್ ಮಾಡಿಯೇ ಕೇಳಿದೆ.

"ಅದಿರ್ಲಿ ಸಾ, ಕೊಲೆ ಮಾಡ್ದೋನು ಯಾರಂತ ಏಳ್ಬುಡಿ. ನಮ್ ಪುಸ್ತಕದ ಕೊನೇ ಪುಟಗಳ್ನ ಮೇಕೆ ತಿಂದಾಕ್ಬುಟ್ಟದೆ."

೨. ಸಂಕೇತ

ಹನೂರಿನ ನಿವೃತ್ತ ಟೀಚರಮ್ಮ ಟೈಪ್ ಮಾಡುವುದಿಲ್ಲ. ಅವರು ಬಾಯಲ್ಲಿ ಹೇಳಿದ್ದನ್ನು ಫೋನೇ ಬರೆದುಕೊಳ್ಳುತ್ತದೆ. ಒಮ್ಮೆ ಆಗತಾನೇ ಓದಿ ಮುಗಿಸಿದ ಕಾದಂಬರಿಯ ಬಗ್ಗೆ ಅವರಿಂದ ಹೀಗೆ ಬಂತು: "ಗಂಡ ಅಷ್ಟು ಬೇಡಿಕೊಂಡರೂ ಅವಳು ತಿರುಗಿ ನೋಡಲಿಲ್ಲ ಅರ್ಧ ಲೀಟರ್ ಸಾಕು ಎಂದು ಬಾಗಿಲು ಹಾಕಿಕೊಂಡಳು."

ಗುಂಪು ಗಂಭೀರವಾಯಿತು. ಯಳಂದೂರಿನ ಕಾಲೇಜು ಮೇಷ್ಟ್ರೊಬ್ಬರು, ಅರ್ಧ ಲೀಟರ್ ಎಂದರೆ ತುಂಬದ ದಾಂಪತ್ಯದ ಸಂಕೇತ ಎಂದು ಎರಡು ಪ್ಯಾರಾ ಬರೆದರು. ಮಾಂಬಳ್ಳಿಯ ಹೆಂಗಸೊಬ್ಬರು, ಸಂಕೇತವೂ ಇಲ್ಲ ಏನೂ ಇಲ್ಲ, ಗಂಡ ಕುಡುಕನಿರಬೇಕು ಎಂದರು. ನನಗೆ ಎರಡೂ ಹೌದೆನಿಸಿತು. ಸಂಜೆ ಟೀಚರಮ್ಮ ಎಲ್ಲ ಓದಿ ಒಂದೇ ಸಾಲು ಹಾಕಿದರು: "ನಡುವೆ ಬಂದಿರೋದು ಹಾಲಿನವನಿಗೆ ಹೇಳಿದ್ದು."

ಮೇಷ್ಟ್ರು ಮಾತ್ರ ತಮ್ಮ ಅರ್ಥ ಇನ್ನೂ ಬಿಟ್ಟುಕೊಟ್ಟಿಲ್ಲ.

೩. ಪೆನ್ಸಿಲು ಮತ್ತು ಕೆಂಪು ಪೆನ್ನು

ಗುಂಪಿನಲ್ಲಿ ನನಗೆ ತೀರಾ ಹತ್ತಿರವಾದವರು ಧನಗೆರೆಯ ಒಬ್ಬರು. ಅವರು ಹೇಳಿದ್ದನ್ನು ನಾನು, ನಾನು ಹೇಳಿದ್ದನ್ನು ಅವರು, ಒಂದೇ ಲೈಬ್ರರಿಯಿಂದ ತಂದು ಓದುತ್ತಾ ಎರಡು ವರ್ಷವಾಗಿತ್ತು. ಭೇಟಿಯಾಗಿರಲಿಲ್ಲ. ನನ್ನ ಸಂಕಟ ಅವರಲ್ಲಿ ಹೇಳಿಕೊಂಡೆ: ಯಾವ ಪುಸ್ತಕ ತಂದರೂ ಅಂಚಿನಲ್ಲಿ ಯಾವನೋ ಪೆನ್ಸಿಲಿನಲ್ಲಿ ಅಭಿಪ್ರಾಯ ಗೀಚಿರುತ್ತಾನೆ. ಅವರು, ಪೆನ್ಸಿಲಾದರೂ ಅಳಿಸಬಹುದು, ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಬಯ್ಯುವವನೊಬ್ಬನಿದ್ದಾನಲ್ಲ, ಅವನನ್ನು ಲೈಬ್ರರಿ ಮೆಟ್ಟಿಲು ಹತ್ತಿಸಬಾರದು ಎಂದರು. ನಾನು ಹೌದೆಂದೆ, ಸ್ವಲ್ಪ ಮೆತ್ತಗೆ. ಕೆಂಪು ಪೆನ್ನು ನನ್ನದೇ.

ಆದರೂ ಮನುಷ್ಯ ಹೇಗಿದ್ದಾರೋ ನೋಡುವ ಆಸೆ. ಒಂದು ಬೆಳಿಗ್ಗೆ ಲೈಬ್ರರಿಯಲ್ಲೇ ಸೇರಿದೆವು. ಕೈ ಕುಲುಕಿದವರೇ ಒಂದು ಕಾದಂಬರಿ ಬಿಡಿಸಿ ತೋರಿಸಿದರು. 'ಈ ಅಧ್ಯಾಯ ಬಿಟ್ಟು ಮುಂದಕ್ಕೆ ಹೋಗಿ' ಎಂದು ಪೆನ್ಸಿಲಿನಲ್ಲಿತ್ತು. ಕೆಳಗೆ ನನ್ನ ದುಂಡು ಅಕ್ಷರ: 'ನಿನ್ನ ಸಲಹೆ ಕೇಳಿದವರು ಯಾರಯ್ಯ?'

"ನೋಡಿ ಸಾ, ನಾನ್ ಹೇಳ್ದೋನು ಇವ್ನೇ" ಎಂದರು. ಇನ್ನು ಮುಚ್ಚಿಡಲು ಮನಸ್ಸಾಗದೆ, ಅವನು ನಾನೇ ಎಂದೆ. ಅವರು ಫ್ಯಾನಿನ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಪೆನ್ಸಿಲು ನಂದು ಸಾ" ಎಂದರು.

ಇಬ್ಬರಿಗೂ ನಾಚಿಕೆಯಾಯಿತು. ಅಳಿಸಲಾಗುವುದನ್ನು ಅಳಿಸಿ, ಉಳಿದದ್ದಕ್ಕೆ ಬಿಳಿ ಕಾಗದ ಅಂಟಿಸಿಬಿಡೋಣ ಎಂದು ಲೈಬ್ರರಿಯವರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡು, ರಬ್ಬರು, ಗೋಂದು ಕೇಳಿದೆವು. ಅವರು ಕೋಪಿಸಿಕೊಳ್ಳುತ್ತಾರೆ ಎಂದುಕೊಂಡರೆ, ಪುಸ್ತಕವನ್ನು ಕಿತ್ತುಕೊಂಡು ಎದೆಗವಚಿಕೊಂಡರು.

"ಅಳಿಸ್ಬ್ಯಾಡಿ ಸಾ. ಜನ ಈ ಪುಸ್ತಕ ತಕಂಡೋಗದೇ ನಿಮ್ಮಿಬ್ರ ಜಗಳ ಓದಕ್ಕೆ."