ಮಣ್ಣು ಒಲ್ಲದ ಗಿಡ

ನಮ್ಮ ಶಹಾಪುರದಲ್ಲಿ "ನನಗೆ ಗೊತ್ತಿಲ್ಲ" ಎನ್ನುವ ಮನುಷ್ಯ ಇನ್ನೂ ಹುಟ್ಟಬೇಕಾಗಿದೆ. ಹಾಗಾಗಿ ಮನೆಗೆ ಹೊಸದೇನನ್ನಾದರೂ ತಂದರೆ ಸಾಕು, ಒಂದಲ್ಲ ಒಂದು ತಮಾಷೆ ಬಾಗಿಲಿಗೇ ಬರುತ್ತದೆ. ನಾನು ತಂದದ್ದು ಒಂದು ಗಿಡ.

ಒಂದು: ಕಟ್ಟಿಗೆ

ಬಳಿಚಕ್ರ ಎಂಬ ಹಳ್ಳಿಯ ನೆಂಟರ ಮನೆಗೆ ಹೋದಾಗ, ರಸ್ತೆ ಅಗಲ ಮಾಡಲು ಹಳೇ ಮಾವಿನ ಮರವೊಂದನ್ನು ಕಡಿದು ಕೆಡವಿದ್ದರು. ಬಿದ್ದ ಕೊಂಬೆಯ ಮೇಲೆ ಒಂದು ಸೀತಾಳೆ, ಅಂದರೆ ಮರದ ಮೇಲೇ ಬದುಕುವ ಆರ್ಕಿಡ್ಡು, ಇನ್ನೂ ಜೀವ ಹಿಡಿದುಕೊಂಡಿತ್ತು. ತೊಗಟೆ ಸಮೇತ ಒಂದು ತುಂಡು ಕೊಯ್ಯಿಸಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ.

ಯಜಮಾನರು ಬಾಗಿಲಲ್ಲೇ ಕೇಳಿದರು: "ಮನ್ಯಾಗ ಗ್ಯಾಸ್ ಅದಲ್ಲ, ಕಟ್ಟಿಗಿ ಯಾಕ ತಂದಿ?"

ಇದು ಹೂ ಬಿಡುತ್ತದೆ ಎಂದೆ. ಅವರು ಗಡುವು ಕೊಟ್ಟರು: "ಎರಡು ಮಳಿಗಾಲ ನೋಡ್ತೀನಿ. ಹೂ ಬಿಟ್ಟು, ಯಾದಗಿರಿ ಹೂವು-ಕರಕುಶಲ ಪ್ರದರ್ಶನದಾಗ ಒಂದು ಬಹುಮಾನ ತರಬೇಕು. ಇಲ್ಲಾಂದ್ರ ನೀರು ಕಾಸೋ ಒಲಿಗಿ."

ಕೊಡಲಿಯಿಂದ ಪಾರಾದ ಜೀವ ನನ್ನ ಮನೆಯ ಒಲೆಗೆ ಹೋಗುವುದೇ? ಅವರೋ ಆಗಲೇ ಕಟ್ಟಿಗೆಯ ಉದ್ದವನ್ನು ಗೇಣಿನಿಂದ ಅಳೆಯುತ್ತಿದ್ದರು.

ಎರಡು: ಅತ್ತೆಯ ಅಂತಃಕರಣ

ಸೀತಾಳೆಗೆ ಬೇಕಾದದ್ದು ಬಹಳ ಕಡಿಮೆ. ಎಳೆಬಿಸಿಲು, ಗಾಳಿ, ಬೆಳಗ್ಗೆ ಬೇರಿಗೆ ಒಂದಿಷ್ಟು ನೀರು ಚಿಮುಕಿಸುವುದು. ಬೇರು ಬೆಳ್ಳಗಿದ್ದರೆ ಬಾಯಾರಿದೆ ಎಂದರ್ಥ, ಹಸಿರಾದರೆ ಕುಡಿದಿದೆ. ಬೇಡವಾದದ್ದು ಒಂದೇ, ಮಣ್ಣು.

ಒಂದು ದಿನ ಶಾಲೆಯಲ್ಲಿ ಪಾಠ ಮುಗಿಸಿ ಬಂದರೆ ಗೋಡೆಗೆ ಜೋತು ಹಾಕಿದ್ದ ಗಿಡವಿಲ್ಲ. ಅಂಗಳದಲ್ಲಿ ತಗ್ಗು ತೋಡಿ, ಕಟ್ಟಿಗೆ ಸಮೇತ ಹೂತು, ಮೇಲೊಂದು ಬುಟ್ಟಿ ಸಗಣಿ ಗೊಬ್ಬರ ಹಾಕಿ, ನಮ್ಮತ್ತೆ ಪುಣ್ಯದ ಕೆಲಸ ಮುಗಿಸಿದ ಮುಖದಲ್ಲಿ ಕೂತಿದ್ದರು.

"ಪಾಪ, ಬೇರೆಲ್ಲಾ ಹೊರಗ ಜೋತು ಬಿದ್ದಿದ್ದುವು. ನೋಡಾಕ ಆಗಲಿಲ್ಲವ್ವ."

ಬೇರು ತೊಳೆಯುತ್ತ ತಿಳಿಸಿ ಹೇಳಿದೆ: ಇದು ಮಣ್ಣಿನಲ್ಲಿ ಕೊಳೆಯುತ್ತದೆ, ಗಾಳಿಯ ತೇವ ಕುಡಿದು ಬದುಕುವ ಗಿಡ.

ಅತ್ತೆ ಸೆರಗು ಝಾಡಿಸಿ ಎದ್ದರು. "ಗಾಳಿ ಕುಡದು ಬದಕಾಂಗಿದ್ರ, ನಲವತ್ತು ವರ್ಷ ನಾ ಯಾರ ಸಲುವಾಗಿ ರೊಟ್ಟಿ ಬಡದೆ?"

ಮೂರು: ಗೋಡೆಯ ಪಹಣಿ

ತೀರಾ ತೆಳ್ಳಗೆ ಕರಗಿಸಿ ಸಿಂಪಡಿಸಲು ಚಿಟಿಕೆ ಗೊಬ್ಬರ ಬೇಕಿತ್ತು. ಗೊಬ್ಬರದಂಗಡಿಯ ಭಾಯಿ ಬಹಳ ಮರ್ಯಾದಸ್ಥರು.

"ಎಷ್ಟು ಎಕರೆ ಅದರಿ ಭಾಬಿ?"

"ಒಂದು ಗಿಡ ರಿ."

"ಕರಿ ಭೂಮಿನೋ, ಕೆಂಪೋ?"

"ಭೂಮಿ ಇಲ್ರಿ. ಗ್ವಾಡಿಗೆ ಜೋತು ಹಾಕೀನಿ."

ಅವರು ಕೈಯಲ್ಲಿದ್ದ ಚೀಲ ಕೆಳಗಿಟ್ಟರು. "ಹೊಲದ ಪಹಣಿ ಇಲ್ಲದs ಗೊಬ್ಬರ ಕೊಡಾಕ ಬರಂಗಿಲ್ರಿ."

"ಗ್ವಾಡಿದು ಪಹಣಿ ಎಲ್ಲಿಂದ ತರ್ಲಿ ಭಾಯಿ?"

ಬಹಳ ಹೊತ್ತು ಗಡ್ಡ ನೀವಿಕೊಂಡು, ಕಾನೂನಿನಲ್ಲಿ ಒಂದು ಸಂದು ಸಿಕ್ಕವರಂತೆ ಕೇಳಿದರು: "ಗ್ವಾಡಿ ನಿಮ್ಮ ಹೆಸರ್ಲೆ ಅದನೋ, ಯಜಮಾನ್ರ ಹೆಸರ್ಲೆನೋ?"

ನಾಲ್ಕು: ಪಂಡಿತರು

ರಂಗಂಪೇಟೆಯಿಂದ ಯಜಮಾನರ ಗೆಳೆಯರೊಬ್ಬರು ಬಂದರು. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಗಿಡಗಳಲ್ಲಿ ಪಂಡಿತರಾದವರು.

"ಇದು ಮಲೆನಾಡಿನ ಗಿಡ ರಿ ಅಕ್ಕಾರ. ನಮ್ಮ ಬಿಸಿಲಿಗೆ ಎಂಟು ದಿನ ಬದಕಂಗಿಲ್ಲ."

"ವರ್ಷ ಮ್ಯಾಲಾತು ರಿ. ಹುಟ್ಟಿದ್ದೂ ಬಳಿಚಕ್ರದ ಮಾವಿನ ಮರದ ಮ್ಯಾಗs."

ಯಜಮಾನರು ಒಲೆಯ ಕಡೆ ನೋಡಿದರು. ಪಂಡಿತರು ಕನ್ನಡಕ ಏರಿಸಿ ಎಲೆ, ಬೇರು, ತೊಗಟೆ ಎಲ್ಲ ತಿರುವಿ ನೋಡಿ ತೀರ್ಪು ಕೊಟ್ಟರು: "ಹಂಗಾದ್ರ ತಪ್ಪು ಗಿಡದ್ದೇ ಅದ."

ಐದು: ಬಹುಮಾನ

ಎರಡನೇ ಮಳೆಗಾಲದ ಮೊದಲ ಮಳೆಗೆ ಎಲೆಯ ಸಂದಿನಿಂದ ಒಂದು ಕಡ್ಡಿ ಹೊರಟಿತು. ಕಡ್ಡಿಯ ತುಂಬ ಹೂ. ಹಳದಿಗಂದು ದಳದ ಮೇಲೆ ಜಾಲರಿ ಗೆರೆ, ನಡುವೆ ನೇರಳೆ ನಾಲಿಗೆ, ಮನೆಯೆಲ್ಲ ಘಮ. ನಾನು ಅತ್ತೇಬಿಟ್ಟೆ. ಯಜಮಾನರು ಮಾತ್ರ, "ಬಹುಮಾನ ಇನ್ನಾ ಬಾಕಿ ಅದ," ಎಂದರು.

ಯಾದಗಿರಿಯ ಪ್ರದರ್ಶನದಲ್ಲಿ ಹೆಸರು ಬರೆಸುವ ಕಡೆ ನನ್ನ ಕೈಗೆ ತುಂಬಲು ಒಂದು ಅರ್ಜಿ ಕೊಟ್ಟರು. ಕುಂಡದ ಅಳತೆ? ಇಲ್ಲ. ಮಣ್ಣಿನ ನಮೂನೆ? ಇಲ್ಲ.

"ಮಣ್ಣಿಲ್ಲದ್ದು ಗಿಡ ಹ್ಯಾಂಗಾಗ್ತದರಿ?" ಎಂದು ಬರೆದುಕೊಳ್ಳುವವರು ಅದನ್ನು ಒಯ್ದು ಕರಕುಶಲದ ಮೇಜಿನ ಮೇಲಿಟ್ಟರು. ಆಚೆ ಬಾಟಲಿಯ ಗಿಳಿ, ಈಚೆ ಮಣಿಯ ಹಂಸ, ನಡುವೆ ನನ್ನ ಸೀತಾಳೆ. ನಾನು ಬಾಯಿ ತೆರೆಯುವುದರೊಳಗೆ ತೀರ್ಪುಗಾರರು ಬಂದರು.

"ಏನು ಕೈ ರಿ ಇವರದು! ಥೇಟ್ ಖರೇ ಹೂವಿನಂಗ ಮಾಡ್ಯಾರ."

"ಸರ್, ಖರೇನ ಹೂವು ರಿ ಅದು."

"ಕಲಾವಿದರು ಹಂಗs ಅಂತಾರ," ಎಂದು ನಕ್ಕು, ಬಗ್ಗಿ ಮೂಸಿ, ಬೆರಗಾಗಿ ಅಲ್ಲೇ ಮೊದಲ ಬಹುಮಾನ ಸಾರಿಬಿಟ್ಟರು.

ನಿಜ ಹೇಳಿದರೆ ಬಹುಮಾನ ಹೋಗುತ್ತದೆ, ಬಹುಮಾನ ಹೋದರೆ ಗಿಡ ಒಲೆಗೆ. ಹದಿನೆಂಟು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಪಾಠ ಮಾಡಿದವಳು ನಾನು. ಕೈಮುಗಿದು ಪ್ರಶಸ್ತಿ ಪತ್ರ ತೆಗೆದುಕೊಂಡೆ.

ತೀರ್ಪುಗಾರರು ಹತ್ತಿರ ಬಂದು, ಯಾರಿಗೂ ಕೇಳದಂತೆ ಹೇಳಿದರು: "ಕೆಲಸ ಭಾಳ ಛಲೋ ಅದ ರಿ. ಮುಂದಿನ ಸಲ ಅತ್ತರು ಮಾತ್ರ ಒಂದು ಹನಿ ಕಡಿಮಿ ಹಾಕ್ರಿ. ಖರೇ ಹೂವು ಇಷ್ಟು ಘಮಘಮಾ ಅನ್ನಂಗಿಲ್ಲ."